ಕಾಯಿ ಎಣಿಸೋ ಹುಡುಗನಿಗೆ ಕೋಡಿಂಗ್ ಬರಲ್ವಾ?

ಇವತ್ತು ರಾಜಕಾರಣಕ್ಕೆ ಸ್ವಲ್ಪ ರಜೆ ಕೊಡೋಣ. ಮಕ್ಕಳ ವಿಷಯ ಮಾತಾಡೋಣ.

ಬೆಂಗಳೂರಿನಿಂದ ಅರಸೀಕೆರೆ ಕಡೆ ರೈಲಿನಲ್ಲಿ ಹೋದರೆ ಅಮ್ಮಸಂದ್ರ ಸಿಗುತ್ತೆ. ತುರುವೇಕೆರೆ ತಾಲ್ಲೂಕು. ಸಿಮೆಂಟ್ ಫ್ಯಾಕ್ಟರಿಯಿಂದ ಹೆಸರಾದ ಊರು, ಸುತ್ತಲೂ ತೆಂಗಿನ ತೋಟ. ಅಲ್ಲಿನ ಹುಡುಗನೊಬ್ಬ ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಡಿಪ್ಲೊಮಾ ಸೇರ್ತಾನೆ ಅಂದ್ಕೊಳ್ಳಿ. ಪ್ರೋಗ್ರಾಮಿಂಗ್‌ನ ಮೊದಲ ಕ್ಲಾಸು. ಬೋರ್ಡ್ ಮೇಲೆ ಹತ್ತು ಸಾಲು ಇಂಗ್ಲಿಷ್, ಜೊತೆಗೆ ಬ್ರಾಕೆಟ್ಟು, ಸೆಮಿಕೋಲನ್ನು. 'ಇದೆಲ್ಲ ಯಾಕೆ ಸಾರ್?' ಅಂದ್ರೆ, 'ಸದ್ಯಕ್ಕೆ ಬರ್ಕೋ, ಆಮೇಲೆ ಗೊತ್ತಾಗುತ್ತೆ.'

ಆ 'ಆಮೇಲೆ' ಬರೋದೇ ಇಲ್ಲ! ಹುಡುಗ ಪ್ರೋಗ್ರಾಮನ್ನೇ ಬಾಯಿಪಾಠ ಮಾಡ್ತಾನೆ, ಪಾಸೂ ಆಗ್ತಾನೆ. ಇಂಟರ್‌ವ್ಯೂನಲ್ಲಿ ಒಂದು ಸಾಲು ಬದಲಾಯಿಸಿ ಕೇಳಿದರೆ ಕಥೆ ಮುಗೀತು. 'ನಂಗೆ ತಲೆ ಇಲ್ಲ' ಅಂತ ಊರಿಗೆ ವಾಪಸ್.

ತಲೆ ಇಲ್ವಾ? ಸ್ವಲ್ಪ ನೋಡಿ. 'ಎ ಈಕ್ವಲ್ ಟು ಎ ಪ್ಲಸ್ ಒನ್' ಅಂತ ಬರೀತಾರೆ. ಗಣಿತ ಕಲಿತ ಮಗು ಇದು ಸುಳ್ಳು ಅನ್ನುತ್ತೆ. ಸರಿಯಾಗೇ ಇದೆ ಅದರ ಅನುಮಾನ! ಅದನ್ನೇ ತೋಟಕ್ಕೆ ಕರ್ಕೊಂಡು ಹೋಗಿ. ಕಾಯಿ ಎಣಿಸು. ಒಂದೊಂದು ಕಾಯಿಗೂ ಎಣಿಕೆ ಒಂದು ಹೆಚ್ಚಾಗುತ್ತೆ. ಹಳೇ ಎಣಿಕೆಗೆ ಒಂದು ಸೇರಿಸಿದರೆ ಹೊಸ ಎಣಿಕೆ. ಇಷ್ಟೇ ಅದರ ಅರ್ಥ. ನೂರು ಆದಾಗ ಒಂದು ಕಲ್ಲು ಪಕ್ಕಕ್ಕಿಡು, ಎಣಿಕೆ ಸೊನ್ನೆಗೆ ತಾ. ಲೂಪೂ ಬಂತು, ಕಂಡೀಷನ್ನೂ ಬಂತು.

ಈಗ ಕೇಳಿ: 'ಸೊನ್ನೆಗೆ ತರೋದು ಮರೆತರೆ?' ಎಣಿಕೆ ನೂರಾ ಒಂದು, ನೂರಾ ಎರಡು ಅಂತ ಹೋಗುತ್ತೆ, ಮತ್ತೆ ನೂರಕ್ಕೆ ಬರೋದೇ ಇಲ್ಲ. ಸಾವಿರ ಕಾಯಿಗೆ ಹತ್ತು ಕಲ್ಲು ಇರಬೇಕಾದ ಕಡೆ ಒಂದೇ ಕಲ್ಲು. ವ್ಯಾಪಾರಿ ಲೆಕ್ಕದಲ್ಲಿ ರೈತ ಮುಳುಗಿದ. ಅದನ್ನೇ ಬಗ್ ಅನ್ನೋದು. ಈ ಮಗು ಅದನ್ನ ಜನ್ಮದಲ್ಲಿ ಮರೆಯಲ್ಲ.

ಇದೇನು ಹೊಸ ಮಾತಲ್ಲ. ಅಮೆರಿಕದಲ್ಲಿ ಸೆಮೋರ್ ಪ್ಯಾಪರ್ಟ್ ಮತ್ತು ಸಂಗಡಿಗರು 1967ರಲ್ಲೇ ಮಕ್ಕಳಿಗಾಗಿ ಲೋಗೋ ಭಾಷೆ ಮಾಡಿದರು. ಆಮೇಲೆ ಅದಕ್ಕೊಂದು ಆಮೆ ಬಂತು. ಆಮೆ ದಾರಿ ತಪ್ಪಿದರೆ, ಮಗು ತಾನೇ ಆಮೆಯಾಗಿ ನಡೆದು ತಪ್ಪು ಹುಡುಕಬೇಕು.

ತೋಟದಲ್ಲೇ ನಿಲ್ಲಿ ಅಂತ ನಾನು ಹೇಳ್ತಿಲ್ಲ. ಕೆಲಸಕ್ಕೆ ಇಂಗ್ಲಿಷ್ ಕೋಡು ಬೇಕೇ ಬೇಕು. ಆದರೆ ಮೊದಲು ಅರ್ಥ, ಆಮೇಲೆ ಸೆಮಿಕೋಲನ್. ಬರೆಸೋದಕ್ಕೆ ಮುಂಚೆ ಓದಿಸಿ, 'ಇದು ಏನು ಉತ್ತರ ಕೊಡುತ್ತೆ, ಹೇಳು' ಅನ್ನಿ.

2020ರ ಶಿಕ್ಷಣ ನೀತಿ ಆರನೇ ಕ್ಲಾಸಿನಿಂದ ಕೋಡಿಂಗ್ ಅನ್ನುತ್ತೆ. ಒಳ್ಳೇದು. ಆದರೆ ಸ್ವಾಮಿ, ಕಂಪ್ಯೂಟರ್ ಕೊಟ್ಟು ಬಾಯಿಪಾಠ ಮಾಡಿಸಿದರೆ ನೀವು ಕೊಟ್ಟಿದ್ದು ದುಬಾರಿ ಸ್ಲೇಟು, ಅಷ್ಟೇ.