ರೇಡಿಯೋ ಬಗ್ಗಿ: ಕಟ್ಟುವ ಬಗೆ, ಹದಗೊಳಿಸುವ ಬಗೆ

(ಸಂಘದ ಉಚಿತ ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಇಂದಿನ ವಿಷಯವನ್ನು ಫಲಕದ ಮೇಲೆ ಓದಿ ಕೆಲವರು ನಕ್ಕಿರಬಹುದು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರಿಗೆ, ಪಾಳಿಯ ಕೆಲಸ ಮುಗಿಸಿ ದಣಿದವರಿಗೆ ಆಟದ ಕಾರಿನ ಗೊಡವೆ ಏತಕ್ಕೆ? ಪ್ರಶ್ನೆ ನ್ಯಾಯವಾದುದೇ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಬಹಳ ಜನ ದಿನದ ಎಂಟು ತಾಸು ಯಂತ್ರಗಳ ಮಗ್ಗುಲಲ್ಲಿ ಕಳೆಯುತ್ತೇವೆ. ಆದರೆ ಆ ಯಂತ್ರದ ಮುಚ್ಚಳ ತೆಗೆಯುವ ಅಧಿಕಾರ ನಮಗಿಲ್ಲ. ಅದು ಫಿಟ್ಟರನ ಕೆಲಸ. ನನ್ನಂಥ ಗುಮಾಸ್ತನಿಗಂತೂ ಯಂತ್ರವೆಂದರೆ ಹಾಳೆಯ ಮೇಲೆ ಬರೆಯುವ ಒಂದು ನಂಬರು. ಹೀಗಾಗಿ ಯಂತ್ರ ಏಕೆ ಓಡುತ್ತದೆ, ಏಕೆ ನಿಲ್ಲುತ್ತದೆ ಎಂಬುದು ವರ್ಷಗಟ್ಟಲೆ ದುಡಿದರೂ ನಮಗೆ ತಿಳಿಯದೆಯೇ ಹೋಗುತ್ತದೆ. ಈ ಬಗ್ಗಿ ಹಾಗಲ್ಲ. ಇದು ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಬರುತ್ತದೆ. ನಾವೇ ಕಟ್ಟಬೇಕು, ಕೆಟ್ಟರೆ ನಾವೇ ಬಿಚ್ಚಬೇಕು, ಏಕೆ ಕೆಟ್ಟಿತೆಂದು ನಾವೇ ಕಂಡುಹಿಡಿಯಬೇಕು. ಆದುದರಿಂದ ಇದನ್ನು ನಮ್ಮ ತರುಣರ ಮುಂದೆ ಇಡಬೇಕೆಂದು ನನಗೆ ತೋರಿತು.

ಬಗ್ಗಿ ಎಂದರೆ ಹಿರಿಯರಿಗೆ ಕುದುರೆ ಕಟ್ಟುವ ಗಾಡಿ ನೆನಪಾದೀತು. ಇಲ್ಲಿ ಹೇಳುವುದು ಮರಳು, ಮಣ್ಣು, ಗುಂಡಿಗಳಲ್ಲಿ ಓಡಿಸುವ ಹಗುರಾದ ಮೋಟಾರು ಗಾಡಿ. ನಮ್ಮ ವಿಷಯ ಅದರ ಹತ್ತರಲ್ಲೊಂದು ಅಳತೆಯ ಪ್ರತಿರೂಪ. ಸುಮಾರು ಮೊಳದುದ್ದ, ಒಂದೂವರೆ ಕಿಲೋದಷ್ಟು ತೂಕ. ಒಳಗೆ ಬ್ಯಾಟರಿಯಿಂದ ತಿರುಗುವ ಒಂದು ಮೋಟಾರು. ಮುಂದಿನ ಗಾಲಿಗಳನ್ನು ಹೊರಳಿಸಲು ಸರ್ವೋ ಎಂಬ ಚಿಕ್ಕ ಪೆಟ್ಟಿಗೆ. ಆಜ್ಞೆಯನ್ನು ಕೇಳಿಸಿಕೊಳ್ಳಲು ರಿಸೀವರು. ಓಡಿಸುವವನ ಕೈಯಲ್ಲಿ ಟ್ರಾನ್ಸ್‌ಮಿಟರು ಇರುತ್ತದೆ.

ಇದರ ತವರು ಎರಡು. ಒಂದು ಜಪಾನಿನ ಶಿಜುವೋಕಾ ಪಟ್ಟಣ. ಅಲ್ಲಿಯ ತಾಮಿಯಾ ಕಂಪನಿ ಮೊದಲು ಮರದ ವ್ಯಾಪಾರ ಮಾಡುತ್ತಿತ್ತು. ಆಮೇಲೆ ಮರದ ಮಾದರಿಗಳನ್ನು, ತರುವಾಯ ಪ್ಲಾಸ್ಟಿಕ್ ಮಾದರಿಗಳನ್ನು ಮಾಡಹತ್ತಿತು. 1976ರಲ್ಲಿ ಪೋರ್ಷೆ 934 ಕಾರಿನ ರೇಡಿಯೋ ಮಾದರಿಯನ್ನು ಹೊರತಂದಿತು. ಅದು ನಯವಾದ ರಸ್ತೆಯ ಕಾರು. ಮಣ್ಣಿನ ಮೇಲೆ ಓಡುವ 'ರಫ್ ರೈಡರ್' ಮತ್ತು 'ಸ್ಯಾಂಡ್ ಸ್ಕಾರ್ಚರ್' ಬಂದದ್ದು 1979ರಲ್ಲಿ. 1984ರಲ್ಲಿ ಹೊಸಬರಿಗಾಗಿ ಕಡಿಮೆ ಬೆಲೆಯ 'ಗ್ರಾಸ್‌ಹಾಪರ್', ಅಂದರೆ ಮಿಡತೆ, ಹೊರಬಂದಿತು. ಇಂದಿಗೂ ಅನೇಕರು ಮೊದಲ ಪಾಠ ಕಲಿಯುವುದು ಅದರಲ್ಲಿಯೇ.

ಎರಡನೆಯ ತವರು ಅಮೆರಿಕದ ಕ್ಯಾಲಿಫೋರ್ನಿಯಾ. ಅದೇ 1984ರಲ್ಲಿ ಟೀಮ್ ಅಸೋಸಿಯೇಟೆಡ್ ಎಂಬ ಕಂಪನಿ 'ಆರ್‌ಸಿ10' ಎಂಬ ಬಗ್ಗಿಯನ್ನು ಮಾರಾಟಕ್ಕಿಟ್ಟಿತು. ಬಂಗಾರದ ಬಣ್ಣದ ಅಲ್ಯೂಮಿನಿಯಂ ತೊಟ್ಟಿಯಂಥ ಮೈಕಟ್ಟು, ನಾಲ್ಕೂ ಗಾಲಿಗೆ ಬೇರೆಬೇರೆ ತೋಳು, ಪ್ರತಿ ತೋಳಿಗೂ ಎಣ್ಣೆ ತುಂಬಿದ ಡ್ಯಾಂಪರು. ಮರುವರ್ಷ, 1985ರಲ್ಲಿ, ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ಈ ಅಳತೆಯ ಬಗ್ಗಿಗಳ ಮೊದಲನೆಯ ಜಾಗತಿಕ ಪಂದ್ಯ ನಡೆಯಿತು. ಎರಡು ಗಾಲಿ ಎಳೆಯುವ ವರ್ಗದಲ್ಲಿ ಜೇ ಹಾಲ್ಸೀ ಎಂಬವನು ಈ ಆರ್‌ಸಿ10ರಿಂದ ಗೆದ್ದನು. ಅಂದಿನಿಂದ ಮಣ್ಣಿನ ಪಂದ್ಯದಲ್ಲಿ ಮೋಟಾರಿನ ಬಲದಷ್ಟೇ ಗಾಲಿಯನ್ನು ನೆಲಕ್ಕೆ ಅಂಟಿಸಿಡುವ ಕಲೆಗೂ ಬೆಲೆ ಬಂದಿತು.

ಇನ್ನು ಕಟ್ಟುವ ಕೆಲಸ. ಪೆಟ್ಟಿಗೆ ತೆರೆದ ಕೂಡಲೇ ಎಲ್ಲ ಚೀಲಗಳನ್ನೂ ಹರಿದು ಸುರುವಿಕೊಳ್ಳಬೇಡಿರಿ. ಚೀಲಗಳಿಗೆ ಎ, ಬಿ, ಸಿ ಎಂದು ಗುರುತು ಇರುತ್ತದೆ. ಸೂಚನಾ ಪುಸ್ತಕ ಹೇಳಿದ ಚೀಲವನ್ನು ಮಾತ್ರ ತೆರೆಯಬೇಕು. ಕೆಳಗೆ ಬಿಳಿ ಬಟ್ಟೆ ಹಾಸಿಕೊಂಡರೆ ಸಾಸಿವೆ ಕಾಳಿನಂಥ ಗುಂಡುಗಳು ಕಳೆಯುವುದಿಲ್ಲ. ತಿರುಪುಗಳ ವಿಷಯದಲ್ಲಿ ಎರಡು ಮಾತು. ಜಪಾನಿನ ತಿರುಪಿನ ತಲೆಯ ಗೀರು ನಮ್ಮ ಪೇಟೆಯ ಫಿಲಿಪ್ಸ್ ಗೀರಿಗಿಂತ ಸ್ವಲ್ಪ ಬೇರೆ. ಹೊಂದದ ತಿರುಪುಳಿಯಿಂದ ತಿರುವಿದರೆ ತಲೆ ಸವೆದುಹೋಗುತ್ತದೆ. ಎರಡನೆಯದಾಗಿ, ಪ್ಲಾಸ್ಟಿಕ್ಕಿನಲ್ಲಿ ಒಮ್ಮೆ ಹಾಕಿ ತೆಗೆದ ತಿರುಪನ್ನು ಮತ್ತೆ ಹಾಕುವಾಗ ಮೊದಲು ಹಿಂದಕ್ಕೆ ತಿರುವಬೇಕು. 'ಟಕ್' ಎಂದು ಹಳೆಯ ಎಳೆಯಲ್ಲಿ ಕುಳಿತದ್ದು ಕೈಗೆ ತಿಳಿಯುತ್ತದೆ. ಆಮೇಲೆ ಮುಂದಕ್ಕೆ ತಿರುವಬೇಕು. ಹಾಗೆ ಮಾಡದಿದ್ದರೆ ಹೊಸ ಎಳೆ ಕೊರೆದು ತೂತು ಸಡಿಲಾಗುತ್ತದೆ. ಲೋಹ ಲೋಹಕ್ಕೆ ಸೇರುವಲ್ಲಿ ಮಾತ್ರ ತಿರುಪು ಬಿಗಿಹಿಡಿಯುವ ದ್ರವವನ್ನು ಒಂದು ಹನಿ ಹಾಕಬೇಕು. ಪ್ಲಾಸ್ಟಿಕ್ಕಿಗೆ ಅದು ಸೋಕಕೂಡದು, ಬಿರುಕು ಬಿಡುತ್ತದೆ.

ಸರ್ವೋವನ್ನು ಕೂಡಿಸುವ ಮೊದಲು ರೇಡಿಯೋ ಹಚ್ಚಿ ಅದನ್ನು ಸರಿಯಾದ ನಡುಮಧ್ಯಕ್ಕೆ ತಂದುಕೊಳ್ಳಬೇಕು. ಆಮೇಲೆಯೇ ಅದರ ತೋಳನ್ನು ಬಿಗಿಯಬೇಕು. ಇಲ್ಲವಾದರೆ ಗಾಡಿ ಎಡಕ್ಕೆ ಚೆನ್ನಾಗಿ ಹೊರಳಿ ಬಲಕ್ಕೆ ಅರ್ಧವಷ್ಟೇ ಹೊರಳುತ್ತದೆ. ಎಡಬಲದ ಕೊಂಡಿಗಳ ಉದ್ದ ಒಂದೇ ಆಗಿರಬೇಕು. ಕಣ್ಣಂದಾಜು ಬೇಡ, ಅಳತೆಪಟ್ಟಿ ಹಿಡಿಯಿರಿ.

ಡ್ಯಾಂಪರು ಕಟ್ಟುವಾಗ ಅವಸರ ಸಲ್ಲದು. ಕೊಳವೆಗೆ ಸಿಲಿಕೋನ್ ಎಣ್ಣೆ ತುಂಬಿ, ನೆಟ್ಟಗೆ ಹಿಡಿದು, ದಂಡವನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಬೇಕು. ಗುಳ್ಳೆಗಳು ಮೇಲೆ ಬರುತ್ತವೆ. ಅವು ಪೂರ್ತಿ ಹೋಗುವ ತನಕ ಕಾಯ್ದು ಮುಚ್ಚಳ ಹಾಕಬೇಕು. ಒಳಗೆ ಗಾಳಿ ಉಳಿದ ಡ್ಯಾಂಪರು ಒಮ್ಮೆ ಗಟ್ಟಿ, ಒಮ್ಮೆ ಮೆತ್ತಗೆ ನಡೆಯುತ್ತದೆ. ಎಡಬಲ ಎರಡನ್ನೂ ಕೈಯಲ್ಲಿ ಹಿಡಿದು ಒಟ್ಟಿಗೆ ಒತ್ತಿ ನೋಡಿರಿ. ಎರಡೂ ಸಮನಾಗಿ ಚಲಿಸಬೇಕು.

ಮೋಟಾರಿನ ಚಿಕ್ಕ ಹಲ್ಲುಚಕ್ರ ದೊಡ್ಡ ಚಕ್ರಕ್ಕೆ ಎಷ್ಟು ತಾಗಿರಬೇಕೆಂಬುದಕ್ಕೆ ಸುಲಭ ಉಪಾಯವಿದೆ. ಎರಡರ ನಡುವೆ ತೆಳ್ಳನೆಯ ಕಾಗದದ ಪಟ್ಟಿ ಸಿಕ್ಕಿಸಿ, ಒತ್ತಿಹಿಡಿದು ಮೋಟಾರಿನ ತಿರುಪು ಬಿಗಿಯಿರಿ. ಆಮೇಲೆ ಕಾಗದವನ್ನು ತಿರುಗಿಸಿ ಹೊರತೆಗೆಯಿರಿ. ಉಳಿದ ಸಂದೇ ಸರಿಯಾದ ಸಂದು.

ರಿಂಗ್ ಫ್ರೇಮಿನಲ್ಲಿ ದುಡಿದವರಿಗೆ ಈ ಚಿಕ್ಕ ಚಕ್ರದ ಮಹಿಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಒಂದು ಚೇಂಜ್ ವ್ಹೀಲನ್ನು ಬದಲಿಸಿದರೆ ನೂಲಿನ ಹುರಿ ಬದಲಾಗುತ್ತದೆ. ಇಲ್ಲಿ ಬದಲಾಗುವುದು ಗಾಡಿಯ ಓಟ. ಒಂದು ಲೆಕ್ಕ ಮಾಡೋಣ. ದೊಡ್ಡ ಚಕ್ರಕ್ಕೆ 80 ಹಲ್ಲು, ಚಿಕ್ಕದಕ್ಕೆ 20, ಭಾಗಿಸಿದರೆ 4. ಒಳಗಿನ ಪೆಟ್ಟಿಗೆಯ ಪ್ರಮಾಣ ಎರಡೂವರೆ ಎಂದಿಟ್ಟುಕೊಂಡರೆ ಒಟ್ಟು 10. ಅಂದರೆ ಮೋಟಾರು ಹತ್ತು ಸುತ್ತು ತಿರುಗಿದಾಗ ಗಾಲಿ ಒಂದು ಸುತ್ತು. ಗಾಲಿಯ ಅಡ್ಡಳತೆ 8.5 ಸೆಂಟಿಮೀಟರ್ ಇದ್ದರೆ ಸುತ್ತಳತೆ ಸುಮಾರು 26.7. ಮೋಟಾರು ನಿಮಿಷಕ್ಕೆ 20,000 ಸುತ್ತು ತಿರುಗಿದರೆ ಗಾಡಿ ತಾಸಿಗೆ 32 ಕಿಲೋಮೀಟರ್ ಓಡುತ್ತದೆ. ಚಿಕ್ಕ ಚಕ್ರವನ್ನು 22 ಹಲ್ಲಿನದು ಮಾಡಿದರೆ ಕಾಗದದ ಮೇಲೆ ಅದು 35 ಆಗುತ್ತದೆ. ಆದರೆ ಮಣ್ಣಿನ ಮೇಲೆ ಅಷ್ಟೇ ಆಗುವುದೆಂದು ಹೇಳಬರುವುದಿಲ್ಲ. ಹಲ್ಲು ಹೆಚ್ಚಿದಷ್ಟೂ ಮೋಟಾರಿನ ಮೇಲೆ ಭಾರ ಹೆಚ್ಚುತ್ತದೆ. ಅದು ಕಾಯುತ್ತದೆ, ಬ್ಯಾಟರಿ ಬೇಗ ಬರಿದಾಗುತ್ತದೆ, ತಿರುವಿನಿಂದ ಹೊರಬೀಳುವಾಗ ಗಾಡಿ ಏದುಸಿರು ಬಿಡುತ್ತದೆ. ಐದು ನಿಮಿಷದ ಪಂದ್ಯವಾದರೆ ಐದನೆಯ ನಿಮಿಷದಲ್ಲಿಯೂ ಕಸುವು ಉಳಿಯಬೇಕಲ್ಲವೇ? ಓಟ ಮುಗಿದ ಮೇಲೆ ಮೋಟಾರಿಗೆ ಎಚ್ಚರದಿಂದ ಬೆರಳು ತಾಗಿಸಿ ನೋಡಿರಿ. ಬೆರಳು ಇಡಲಾಗದಷ್ಟು ಕಾಯ್ದಿದ್ದರೆ ಒಂದು ಹಲ್ಲು ಕಡಿಮೆ ಮಾಡಿರಿ.

ಇನ್ನು ಹದಗೊಳಿಸುವ ವಿಷಯ. ಮೊದಲು ಟಾಯರು. ಸಡಿಲು ಮಣ್ಣಿಗೆ ಉದ್ದನೆಯ ಮುಳ್ಳಿನ ಟಾಯರು, ಗಟ್ಟಿ ನೆಲಕ್ಕೆ ಸಣ್ಣ ಒತ್ತಾದ ಮೊಳೆಯ ಟಾಯರು. ಟಾಯರು ತಪ್ಪಾಗಿದ್ದರೆ ಉಳಿದ ಯಾವ ಉಪಚಾರವೂ ನಾಟುವುದಿಲ್ಲ. ಎರಡನೆಯದು ನಿಲುವಿನ ಎತ್ತರ. ಬ್ಯಾಟರಿ ಸಹಿತ ಗಾಡಿಯನ್ನು ಒಂದು ಗೇಣು ಎತ್ತರದಿಂದ ಸಮನೆಲದ ಮೇಲೆ ಬಿಟ್ಟು ನೋಡಿರಿ. ಬಿದ್ದು ನಿಂತಾಗ ಹಿಂದಿನ ಗಾಲಿಗೆ ಹೋಗುವ ಅಚ್ಚುಗಳು ನೆಲಕ್ಕೆ ಸರಿಸಮನಾಗಿದ್ದರೆ ಅದು ಒಳ್ಳೆಯ ಆರಂಭ.

ಆಮೇಲೆ ಓಡಿಸಿ ರೋಗವನ್ನು ಗುರುತಿಸಬೇಕು. ರೋಗಗಳು ಮುಖ್ಯವಾಗಿ ಎರಡು. ಚಕ್ರ ಹೊರಳಿಸಿದರೂ ಮೂಗು ನೇರಕ್ಕೆ ಜಾರಿಹೋಗುವುದು ಒಂದು. ತಿರುವಿನಲ್ಲಿ ಬಾಲ ಬೀಸಿ ಗಾಡಿ ಗಿರಕಿ ಹೊಡೆಯುವುದು ಇನ್ನೊಂದು. ಸಾಮಾನ್ಯ ನಿಯಮ ಹೀಗಿದೆ: ಯಾವ ತುದಿಯ ಸ್ಪ್ರಿಂಗು ಮೆತ್ತಗಿದೆಯೋ ಆ ತುದಿಗೆ ನೆಲದ ಹಿಡಿತ ಹೆಚ್ಚು. ಮೂಗು ಜಾರಿದರೆ ಮುಂದಿನ ಸ್ಪ್ರಿಂಗನ್ನು ಮೆತ್ತಗೆ ಮಾಡಿರಿ. ಬಾಲ ಬೀಸಿದರೆ ಹಿಂದಿನದನ್ನು. ಡ್ಯಾಂಪರಿನ ಎಣ್ಣೆ ಬಿಸಿಲಿಗೆ ತೆಳ್ಳಗಾಗುತ್ತದೆ, ಚಳಿಗೆ ಮಂದವಾಗುತ್ತದೆ. ಆದುದರಿಂದ ಬೇಸಿಗೆಗೆ ಸ್ವಲ್ಪ ಮಂದ ಎಣ್ಣೆ, ಚಳಿಗಾಲಕ್ಕೆ ಸ್ವಲ್ಪ ತೆಳು ಎಣ್ಣೆ ಬೇಕಾಗುತ್ತದೆ. ಹಿಂದಿನ ಗಾಲಿಗಳ ಮೂತಿ ಮೂರು ಡಿಗ್ರಿಯಷ್ಟು ಒಳಮುಖವಾಗಿರುವುದು ವಾಡಿಕೆ. ಅದರಿಂದ ಗಾಡಿ ನೆಟ್ಟಗೆ ಓಡುತ್ತದೆ. ಗಾಲಿಗಳ ನೆತ್ತಿ ಒಂದೆರಡು ಡಿಗ್ರಿ ಒಳಕ್ಕೆ ಬಾಗಿದ್ದರೆ ತಿರುವಿನಲ್ಲಿ ಟಾಯರಿನ ಅಗಲವೆಲ್ಲ ನೆಲ ಹಿಡಿಯುತ್ತದೆ.

ರೋವಿಂಗ್ ಫ್ರೇಮಿನವರು ಡಿಫರೆನ್ಶಿಯಲ್ ಎಂಬ ಹೆಸರು ಕೇಳಿರುತ್ತಾರೆ. ಬಗ್ಗಿಯಲ್ಲಿಯೂ ಅದು ಇದೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ, ಒಳಗಿನದು ಕಡಿಮೆ ದೂರ ಓಡಬೇಕಾಗುತ್ತದೆ. ಎರಡಕ್ಕೂ ಬೇರೆಬೇರೆ ವೇಗ ಹಂಚುವುದು ಅದರ ಕೆಲಸ. ಅನೇಕ ಪಂದ್ಯದ ಬಗ್ಗಿಗಳಲ್ಲಿ ಇದಕ್ಕೆ ಹಲ್ಲುಚಕ್ರದ ಬದಲು ಎರಡು ಬಳೆಗಳ ನಡುವೆ ಸಣ್ಣ ಗುಂಡುಗಳಿರುತ್ತವೆ. ಇದನ್ನು ಸಡಿಲು ಬಿಟ್ಟರೆ ಗುಂಡುಗಳು ಜಾರಿ ಬಳೆಗಳು ಕೆಡುತ್ತವೆ. ಹೆಚ್ಚು ಬಲ ಬಿದ್ದಾಗ ಮೊದಲು ಜಾರಬೇಕಾದದ್ದು ಸ್ಲಿಪ್ಪರ್ ಕ್ಲಚ್ಚು. ಅದು ಇರುವುದೇ ಅದಕ್ಕಾಗಿ.

ಇಷ್ಟೆಲ್ಲ ಹೇಳಿದ ಮೇಲೆ ಎಲ್ಲಕ್ಕಿಂತ ಮುಖ್ಯವಾದ ಮಾತು. ಒಂದು ಸಲಕ್ಕೆ ಒಂದನ್ನೇ ಬದಲಿಸಿರಿ. ಸ್ಪ್ರಿಂಗು, ಎಣ್ಣೆ, ಟಾಯರು ಮೂರನ್ನೂ ಒಟ್ಟಿಗೆ ಬದಲಿಸಿ ಗಾಡಿ ಸುಧಾರಿಸಿತೆಂದುಕೊಳ್ಳಿರಿ. ಯಾವುದರಿಂದ ಸುಧಾರಿಸಿತು? ಯಾರೂ ಹೇಳಲಾರರು. ನಾಳೆ ಕೆಟ್ಟರೆ ಮತ್ತೆ ಕತ್ತಲೆಯಲ್ಲಿ ತಡಕಾಡುವುದೇ. ಅದಕ್ಕಾಗಿ ಒಂದು ನೋಟುಬುಕ್ಕು ಇಡಬೇಕು. ತಾರೀಖು, ನೆಲದ ಸ್ಥಿತಿ, ಟಾಯರು, ಸ್ಪ್ರಿಂಗು, ಎಣ್ಣೆ, ಹಲ್ಲಿನ ಲೆಕ್ಕ, ಐದು ಸುತ್ತಿನ ಸರಾಸರಿ ಕಾಲ: ಇಷ್ಟು ಕಲಮುಗಳು ಸಾಕು. ಲೆಕ್ಕದ ಪುಸ್ತಕ ಬರೆಯುವುದು ನಮಗೆ ಹೊಸದಲ್ಲ. ಇಲ್ಲಿ ಮಾತ್ರ ಬರೆಯುವವನೂ ನಾವೇ, ಅದನ್ನು ಓದಿ ನಿರ್ಣಯ ಮಾಡುವವನೂ ನಾವೇ. ಒಂದೇ ಒಂದು ಸುತ್ತು ಮಿಂಚಿನಂತೆ ಓಡಿದ್ದನ್ನು ನಂಬಬೇಡಿರಿ, ಸರಾಸರಿಯನ್ನು ನಂಬಿರಿ.

ಓಡಿಸುವ ಕೈಗೂ ಒಂದು ಮಾತು. ತಿರುವಿಗೆ ಮೊದಲೇ ವೇಗ ಇಳಿಸಬೇಕು. ಆಗ ಭಾರ ಮುಂದಕ್ಕೆ ಬಂದು ಮುಂದಿನ ಗಾಲಿ ನೆಲ ಕಚ್ಚುತ್ತದೆ. ತಿರುಗಿದ ಮೇಲೆ ಮೆಲ್ಲಗೆ ವೇಗ ಕೊಟ್ಟರೆ ಭಾರ ಹಿಂದಕ್ಕೆ ಹೋಗಿ ಎಳೆಯುವ ಗಾಲಿಗೆ ಬಲ ಸಿಗುತ್ತದೆ. ಟ್ರಾನ್ಸ್‌ಮಿಟರನ್ನು ಮೊದಲು ಹಚ್ಚಿ ಕೊನೆಗೆ ಆರಿಸಬೇಕು. ತಪ್ಪಿದರೆ ಗಾಡಿ ಒಡೆಯನಿಲ್ಲದೆ ಓಡಿಹೋದೀತು. 27 ಮೆಗಾಹರ್ಟ್ಸ್‌ನ ಹಳೆಯ ರೇಡಿಯೋಗಳಲ್ಲಿ ಇಬ್ಬರ ಅಲೆ ಒಂದೇ ಆದರೆ ಗಾಡಿಗಳು ದಿಕ್ಕು ತಪ್ಪುತ್ತಿದ್ದವು. ಈಗಿನ 2.4 ಗಿಗಾಹರ್ಟ್ಸ್ ರೇಡಿಯೋಗಳಲ್ಲಿ ಪ್ರತಿ ಟ್ರಾನ್ಸ್‌ಮಿಟರಿಗೂ ಅದರದೇ ರಿಸೀವರು ಜೊತೆಯಾಗಿರುವುದರಿಂದ ಆ ತೊಂದರೆ ಬಹುಮಟ್ಟಿಗೆ ತೀರಿದೆ.

ಬ್ಯಾಟರಿಯ ವಿಷಯದಲ್ಲಿ ಮಾತ್ರ ವಿನೋದವಿಲ್ಲ. ಹಿಂದೆ 7.2 ವೋಲ್ಟಿನ ನಿಕಲ್ ಬ್ಯಾಟರಿಗಳಿದ್ದವು. ಈಗ ಹೆಚ್ಚಾಗಿ ಬಳಸುವುದು 7.4 ವೋಲ್ಟಿನ ಲಿಥಿಯಂ ಪಾಲಿಮರ್. ಅದರ ಒಂದೊಂದು ಕೋಶವನ್ನು 4.2 ವೋಲ್ಟ್ ಮೀರಿ ತುಂಬಬಾರದು, 3 ವೋಲ್ಟಿಗಿಂತ ಕೆಳಗೆ ಇಳಿಸಬಾರದು. ಅದಕ್ಕೆಂದೇ ಮಾಡಿದ ಚಾರ್ಜರು ಬೇಕು. ಉಬ್ಬಿದ ಅಥವಾ ಜಜ್ಜಿದ ಬ್ಯಾಟರಿಯನ್ನು ಮತ್ತೆ ತುಂಬಲೇಬಾರದು, ಬೆಂಕಿ ಹತ್ತುತ್ತದೆ. ನಮ್ಮಲ್ಲಿ ಅನೇಕರದು ಒಂದೇ ಕೋಣೆಯ ಸಂಸಾರ. ಅಲ್ಲಿಯೇ ಅಡಿಗೆ, ಅಲ್ಲಿಯೇ ಹಾಸಿಗೆ, ಅಲ್ಲಿಯೇ ಮಕ್ಕಳು. ರಾತ್ರಿ ಚಾರ್ಜಿಗೆ ಹಚ್ಚಿ ಮಲಗಿಕೊಳ್ಳುವ ಅಭ್ಯಾಸ ಇಲ್ಲಿ ಖಂಡಿತ ಸಲ್ಲದು. ಕಲ್ಲು ಹಾಸಿನ ಮೇಲೆ, ಬಟ್ಟೆ ಕಾಗದಗಳಿಂದ ದೂರವಿಟ್ಟು, ಕಣ್ಣೆದುರಿಗೇ ತುಂಬಬೇಕು. ಇಷ್ಟು ಪಾಲಿಸಲಾಗದಿದ್ದರೆ ನಿಕಲ್ ಬ್ಯಾಟರಿಯೇ ಲೇಸು. ಕಾವಲು ಅದಕ್ಕೂ ಬೇಕು. ಓಟ ಸ್ವಲ್ಪ ಕಡಿಮೆಯಾದರೆ ಆಗಲಿ.

ಕೊನೆಯದಾಗಿ ಖರ್ಚು. ಇದು ಅಗ್ಗದ ವಸ್ತುವಲ್ಲ. ಪೆಟ್ಟಿಗೆಯ ಬೆಲೆಯಲ್ಲಿ ರೇಡಿಯೋ, ಬ್ಯಾಟರಿ, ಚಾರ್ಜರು ಎಷ್ಟೋ ಸಲ ಸೇರಿರುವುದಿಲ್ಲ. ಕೇಳಿ ತಿಳಿದು ಕೊಳ್ಳಬೇಕು. ಊರಿಗೆ ಕಳಿಸುವ ಹಣದಲ್ಲಿ ಕೈಯಿಕ್ಕಿ ಇದನ್ನು ಕೊಳ್ಳಿರೆಂದು ನಾನು ಯಾರಿಗೂ ಹೇಳಲಾರೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಆದರೆ ಹತ್ತು ಜನ ಸೇರಿ ಒಂದನ್ನು ಕೊಂಡರೆ ಭಾರ ಹಗುರಾಗುತ್ತದೆ. ವೃತ್ತಪತ್ರಿಕೆಯನ್ನು ಹತ್ತು ಜನ ಓದುವಂತೆ ಒಂದು ಬಗ್ಗಿಯನ್ನು ಹತ್ತು ಜನ ಕಟ್ಟಬಹುದು, ಬಿಚ್ಚಬಹುದು, ಮತ್ತೆ ಕಟ್ಟಬಹುದು. ನೋಟುಬುಕ್ಕು ವಾಚನಾಲಯದ ಮೇಜಿನ ಮೇಲೆಯೇ ಇರಲಿ. ಶಾಲೆ ಬಿಟ್ಟು ಕೆಲಸಕ್ಕೆ ಸೇರಿದ ನಮ್ಮ ಹುಡುಗರು ಬಹಳ ಜನ ಇದ್ದಾರೆ. ಅವರ ಕೈಗೆ ತಿರುಪುಳಿ, ಮುಂದೆ ಒಂದು ಪ್ರಶ್ನೆ, ಬರೆಯಲು ಒಂದು ಹಾಳೆ ಸಿಕ್ಕರೆ 'ಏಕೆ' ಎಂದು ಕೇಳುವ ಅಭ್ಯಾಸ ಬೆಳೆದೀತು. ಆ ಅಭ್ಯಾಸ ನಾಳೆ ಅವರು ನಿಲ್ಲುವ ಯಾವ ಯಂತ್ರದ ಮುಂದೆಯೂ ಉಪಯೋಗಕ್ಕೆ ಬರುತ್ತದೆ.

ಈ ಸಲಹೆಯನ್ನು ಕಾರ್ಯಕಾರಿ ಸಮಿತಿಯವರು ವಿಚಾರಿಸಬೇಕೆಂದು ವಿನಂತಿಸಿಕೊಳ್ಳುತ್ತೇನೆ.