ಕೆನಡಾದಲ್ಲಿ ಸರ್ಕಾರ ಜನರನ್ನು ಕೇಳುವ ಬಗೆ

(ಪದವಿ ಕಾಲೇಜೊಂದರ ಅರ್ಥಶಾಸ್ತ್ರ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹ ರೂಪ)



ಕನ್ನಡದ ‘ಕೇಳು’ ಎಂಬ ಕ್ರಿಯಾಪದ ಮೂರು ಕೆಲಸ ಮಾಡುತ್ತದೆ. ‘ದಾರಿ ಕೇಳಿದೆ’ ಎಂದರೆ ಪ್ರಶ್ನೆ ಹಾಕಿದೆ ಎಂದರ್ಥ. ‘ಹಾಡು ಕೇಳಿದೆ’ ಎಂದರೆ ಕಿವಿಗೊಟ್ಟೆ. ‘ಮಗ ನನ್ನ ಮಾತು ಕೇಳುವುದಿಲ್ಲ’ ಎಂದು ತಾಯಿ ದೂರಿದರೆ ಅವನ ಕಿವಿ ಮಂದವಾಗಿದೆ ಎಂದಲ್ಲ, ಹೇಳಿದಂತೆ ನಡೆದುಕೊಳ್ಳುವುದಿಲ್ಲ ಎಂದು. ಸರ್ಕಾರವೊಂದು ತೆರಿಗೆಯನ್ನೋ ನಿಯಮವನ್ನೋ ತರುವ ಮುಂಚೆ ‘ಜನರನ್ನು ಕೇಳುತ್ತೇವೆ’ ಎನ್ನುವಾಗ ಈ ಮೂರರಲ್ಲಿ ಯಾವುದನ್ನು ಮಾಡುತ್ತದೆ? ನನಗೆ ಕೊಟ್ಟ ವಿಷಯ ಕೆನಡಾ ದೇಶದ ಆರ್ಥಿಕ ನೀತಿ, ನಿಯಮಗಳ ಕುರಿತ ಸಾರ್ವಜನಿಕ ಸಮಾಲೋಚನೆ. ಆ ದೇಶ ಐವತ್ತು ವರ್ಷಗಳಿಂದ ಈ ಪ್ರಶ್ನೆಯೊಂದಿಗೆ ಹೆಣಗುತ್ತಿದೆ. ನಾನು ಅಲ್ಲಿಗೆ ಹೋದವನಲ್ಲ. ವರದಿಗಳನ್ನೂ ತೀರ್ಪುಗಳನ್ನೂ ಓದಿ ತಿಳಿದುಕೊಂಡದ್ದನ್ನಷ್ಟೇ ಹೇಳುತ್ತೇನೆ.

ಮೊದಲು ದಿನನಿತ್ಯದ ಏರ್ಪಾಡನ್ನು ನೋಡೋಣ. ಅಲ್ಲಿನ ರಾಜ್ಯಪತ್ರದ ಹೆಸರು ‘ಕೆನಡಾ ಗೆಜೆಟ್’. ಅದು ಆರಂಭವಾದದ್ದು 1841ರಲ್ಲಿ. ಅಂದರೆ 1867ರಲ್ಲಿ ರೂಪುಗೊಂಡ ಕೆನಡಾ ಒಕ್ಕೂಟಕ್ಕಿಂತಲೂ ಅದು ಹಳೆಯದು. ಅದರ ಮೊದಲ ಭಾಗ ಶನಿವಾರ ಹೊರಬರುತ್ತದೆ. ಇಲಾಖೆಯೊಂದು ಹೊಸ ನಿಯಮ ತರುವುದಿದ್ದರೆ ಸಾಮಾನ್ಯವಾಗಿ ಅದರ ಕರಡನ್ನು ಅಲ್ಲಿ ಪ್ರಕಟಿಸಿ, ಆಕ್ಷೇಪಣೆಗಳಿಗೆ 30 ದಿನವನ್ನೋ ಅದಕ್ಕಿಂತ ಹೆಚ್ಚು ಕಾಲವನ್ನೋ ಕೊಡುತ್ತದೆ. 1986ರಿಂದ ಕರಡಿನ ಜೊತೆ ಒಂದು ವಿವರಣಾ ಪತ್ರವೂ ಇರುತ್ತದೆ. ಈ ನಿಯಮದಿಂದ ಖರ್ಚೆಷ್ಟು, ಪ್ರಯೋಜನವೇನು, ಹೊರೆ ಬೀಳುವುದು ಯಾರ ಮೇಲೆ, ಈ ಮೊದಲು ಯಾರ ಅಭಿಪ್ರಾಯ ಪಡೆಯಲಾಗಿತ್ತು ಎಂಬುದೆಲ್ಲ ಅದರಲ್ಲಿರಬೇಕು. ಕೊನೆಯಲ್ಲಿ, ಪತ್ರ ಬರೆಯುವವರಿಗಾಗಿ ಅಧಿಕಾರಿಯೊಬ್ಬರ ಹೆಸರು, ವಿಳಾಸ ಕೊಟ್ಟಿರುತ್ತಾರೆ.

ನನಗೆ ಹೆಚ್ಚು ಮುಖ್ಯವೆನಿಸಿದ್ದು ಇದರ ಮುಂದಿನ ಹಂತ. ನಿಯಮ ಅಂತಿಮವಾಗಿ ಗೆಜೆಟ್‌ನ ಎರಡನೆಯ ಭಾಗದಲ್ಲಿ ಪ್ರಕಟವಾಗುವಾಗ ಯಾವ ಬಗೆಯ ಆಕ್ಷೇಪಣೆಗಳು ಬಂದವು, ಯಾವುದನ್ನು ಒಪ್ಪಿದೆವು, ಯಾವುದನ್ನು ಏಕೆ ಒಪ್ಪಲಿಲ್ಲ ಎಂದು ಇಲಾಖೆ ಬರೆಯಬೇಕು. ಅರ್ಜಿ ಕೊಟ್ಟವನಿಗೆ ಸ್ವೀಕೃತಿ ಚೀಟಿ ಸಿಗುವುದು ಬೇರೆ, ಕಾರಣ ಸಹಿತ ಉತ್ತರ ಸಿಗುವುದು ಬೇರೆ. ಬಜೆಟ್ಟಿಗೂ ಇಂಥದೊಂದು ಕ್ರಮವಿದೆ. 1994ರಿಂದ ಸಂಸತ್ತಿನ ಕೆಳಮನೆಯ ಹಣಕಾಸು ಸಮಿತಿಗೆ ಬಜೆಟ್‌ಪೂರ್ವ ಅಹವಾಲುಗಳನ್ನು ಆಲಿಸುವ ಅಧಿಕಾರವನ್ನು ಸದನದ ನಿಯಮಾವಳಿಯೇ ಕೊಟ್ಟಿದೆ.

ಕಾಗದದ ಮೇಲೆ ಇಷ್ಟು ಅಚ್ಚುಕಟ್ಟು. ಆದರೆ ಶನಿವಾರ ಬೆಳಿಗ್ಗೆ ಗೆಜೆಟ್ ಓದುವವರು ಯಾರು? ವ್ಯಾಪಾರ ಸಂಘಗಳು, ಅವುಗಳ ವಕೀಲರು ಮತ್ತು ನನ್ನಂಥ ಕೆಲವು ವರದಿಗಾರರು. 2018ರ ಫೆಬ್ರುವರಿಯಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಒಂದು ಕರಡು ಹೊರಡಿಸಿತು. ಸಕ್ಕರೆ, ಉಪ್ಪಿನ ಸೋಡಿಯಂ, ಪರ್ಯಾಪ್ತ ಕೊಬ್ಬು ಹೆಚ್ಚಿರುವ ಆಹಾರದ ಪೊಟ್ಟಣಗಳ ಮುಂಭಾಗದಲ್ಲೇ ಎದ್ದು ಕಾಣುವ ಎಚ್ಚರಿಕೆಯ ಚಿಹ್ನೆ ಇರಬೇಕು ಎಂಬುದು ಅದರ ಸಾರ. ಅಂತಿಮ ನಿಯಮ ಬಂದದ್ದು 2022ರ ಜುಲೈನಲ್ಲಿ, ನಾಲ್ಕು ವರ್ಷ ಕಳೆದ ಮೇಲೆ. ಅದಕ್ಕೆ ಕೆಲವೇ ವಾರಗಳ ಮುಂಚೆ ದನ ಸಾಕಣೆದಾರರ ಸಂಘಟನೆಗಳು ದೊಡ್ಡ ಗದ್ದಲ ಎಬ್ಬಿಸಿದವು; ಕೊಚ್ಚಿದ ಮಾಂಸಕ್ಕೆ ಚಿಹ್ನೆಯಿಂದ ವಿನಾಯಿತಿ ಸಿಕ್ಕಿತು. ಕಂಪನಿಗಳು ಇದನ್ನು ಪಾಲಿಸಲು ಕೊಟ್ಟ ಗಡುವು 2026ರ ಜನವರಿ 1. ಕರಡಿನಿಂದ ಪೊಟ್ಟಣದವರೆಗೆ ಹೆಚ್ಚು ಕಡಿಮೆ ಎಂಟು ವರ್ಷ! ಸಾಕಣೆದಾರರ ವಾದದಲ್ಲಿ ನ್ಯಾಯವಿರಲಿಲ್ಲ ಎನ್ನಲಾರೆ. ಆದರೆ ಆ ಮಾಂಸ ತಿನ್ನುವವರ ಸಂಘಟನೆ ಅಷ್ಟು ಗಟ್ಟಿಯಾಗಿ ಕೂಗಬಲ್ಲದೇ? ಇದೇ ಇಲಾಖೆ 2019ರಲ್ಲಿ ದೇಶದ ಆಹಾರ ಮಾರ್ಗದರ್ಶಿಯನ್ನು ಹೊಸದಾಗಿ ರೂಪಿಸುವಾಗ, ಅದನ್ನು ಬರೆಯುವ ಅಧಿಕಾರಿಗಳು ಆಹಾರ ಉದ್ಯಮದವರನ್ನು ಭೇಟಿಯಾಗುವುದನ್ನೇ ಕೈಬಿಟ್ಟಿತ್ತು. ಎಲ್ಲರನ್ನೂ ಕೇಳಬೇಕು ಎಂಬ ತತ್ವ ಒಳ್ಳೆಯದೇ. ಎಲ್ಲರ ದನಿಯೂ ಒಂದೇ ಎತ್ತರದಲ್ಲಿರುವುದಿಲ್ಲ ಎಂಬುದು ಅಲ್ಲಿನ ಅಧಿಕಾರಿಗಳಿಗೂ ತಿಳಿದಿದೆ.

ಗೆಜೆಟ್ ಓದಲಾಗದವರು, ಅರ್ಜಿ ಬರೆಯಲಾಗದವರು ಇರುವಲ್ಲಿಗೆ ಸರ್ಕಾರವೇ ಹೋದರೆ ಹೇಗಿರುತ್ತದೆ? ಕೆನಡಾದಲ್ಲಿ ಒಮ್ಮೆ ಹಾಗೂ ನಡೆಯಿತು. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

1968ರಲ್ಲಿ ಅಲಾಸ್ಕಾದ ಉತ್ತರ ತೀರದ ಪ್ರೂಡೋ ಬೇ ಎಂಬಲ್ಲಿ ಭಾರೀ ಪ್ರಮಾಣದ ತೈಲ, ಅನಿಲ ಪತ್ತೆಯಾಯಿತು. 1973ರಲ್ಲಿ ಜಗತ್ತಿನಾದ್ಯಂತ ತೈಲ ಬಿಕ್ಕಟ್ಟು ತಲೆದೋರಿತು. ಆ ಅನಿಲವನ್ನು ಕೆನಡಾದ ಯೂಕಾನ್ ಪ್ರದೇಶದ ಉತ್ತರ ಅಂಚಿನಲ್ಲಿ ಸಾಗಿಸಿ, ಮೆಕೆಂಜಿ ನದಿಯ ಕಣಿವೆಯುದ್ದಕ್ಕೂ ಕೊಳವೆ ಹಾಕಿ ದಕ್ಷಿಣದ ಮಾರುಕಟ್ಟೆಗೆ ತರುವ ಯೋಜನೆಯನ್ನು ದೊಡ್ಡ ದೊಡ್ಡ ಕಂಪನಿಗಳು ಕೂಡಿ ಸಿದ್ಧಪಡಿಸಿದವು. ಕಣಿವೆಯಲ್ಲಿ ಇದ್ದವರು ಡೆನೆ, ಇನುಯಿಟ್, ಮೇಟಿ ಜನ. ಬೇಟೆ, ಮೀನುಗಾರಿಕೆ, ಬೋನಿಟ್ಟು ತುಪ್ಪುಳದ ಪ್ರಾಣಿಗಳನ್ನು ಹಿಡಿಯುವುದು ಅವರಲ್ಲಿ ಬಹಳ ಮಂದಿಯ ಜೀವನೋಪಾಯ. ನಕ್ಷೆಯಲ್ಲಿ ಮೆಕೆಂಜಿ ಎಂದು ಬರೆದಿರುವ ನದಿಗೆ ಡೆನೆ ಜನ ‘ದೇ ಚೋ’, ಅಂದರೆ ದೊಡ್ಡ ಹೊಳೆ, ಎನ್ನುತ್ತಾರೆ.

1974ರ ಮಾರ್ಚ್‌ನಲ್ಲಿ ಪ್ರಧಾನಿ ಪಿಯರ್ ಟ್ರೂಡೊ ಸರ್ಕಾರ ಈ ಯೋಜನೆಯ ಪರಿಣಾಮಗಳನ್ನು ಪರಿಶೀಲಿಸಲು ನ್ಯಾಯಮೂರ್ತಿ ಥಾಮಸ್ ಬರ್ಜರ್ ಅವರನ್ನು ನೇಮಿಸಿತು. ಆಗ ಅದು ಅಲ್ಪಮತದ ಸರ್ಕಾರ. ನ್ಯೂ ಡೆಮಾಕ್ರಟಿಕ್ ಪಕ್ಷದ ಬೆಂಬಲದ ಮೇಲೆ ನಿಂತಿತ್ತು. ಬರ್ಜರ್ ಹಿಂದೊಮ್ಮೆ ಅದೇ ಪಕ್ಷದ ಪ್ರಾಂತೀಯ ನಾಯಕರಾಗಿದ್ದವರು. ರಾಜಕೀಯ ಲೆಕ್ಕಾಚಾರ ಇದ್ದಿರಲೂಬಹುದು. ಆದರೆ ನೇಮಿಸಿದವರು ಊಹಿಸಿದ್ದಕ್ಕಿಂತ ದೂರ ಅವರು ನಡೆದರು, ಅಕ್ಷರಶಃ ಕೂಡ.

ಅವರು ಮಾಡಿದ ಮೊದಲ ಕೆಲಸವೆಂದರೆ, ವಿಚಾರಣೆಯನ್ನು ಹೇಗೆ ನಡೆಸಬೇಕು ಎಂಬುದರ ಬಗ್ಗೆಯೇ ಜನರನ್ನು ಕೇಳಿದ್ದು. ಅದಕ್ಕಾಗಿ ಪ್ರಾಥಮಿಕ ಸಭೆಗಳು ನಡೆದವು. 1975ರ ಮಾರ್ಚ್‌ನಲ್ಲಿ ಯೆಲ್ಲೊನೈಫ್ ಪಟ್ಟಣದಲ್ಲಿ ವಿಧ್ಯುಕ್ತ ವಿಚಾರಣೆ ಆರಂಭವಾಯಿತು. ಅಲ್ಲಿ ತಜ್ಞರು, ವಕೀಲರು, ಪಾಟೀ ಸವಾಲು ಎಲ್ಲ ಇದ್ದವು. ಅದರ ಜೊತೆಗೇ ಬರ್ಜರ್ ಹಳ್ಳಿಗಳಿಗೆ ಹೊರಟರು. ಒಟ್ಟು 35 ಊರುಗಳು. ಕೆಲವು ನೂರಿನ್ನೂರು ಜನರಷ್ಟೇ ಇದ್ದ ನೆಲೆಗಳು. ಸಮುದಾಯ ಭವನ, ಶಾಲೆಯ ಕೋಣೆ, ಮರದ ದಿಮ್ಮಿಯ ಮನೆ, ಎಲ್ಲಿ ಜಾಗ ಸಿಕ್ಕಿದರೆ ಅಲ್ಲಿ ಸಭೆ. ಅಲ್ಲಿ ವಕೀಲರ ಪಾಟೀ ಸವಾಲಿನ ಕಾಟವಿರಲಿಲ್ಲ. ಹೇಳುವವರು ತಮ್ಮ ಭಾಷೆಯಲ್ಲೇ ಹೇಳುತ್ತಿದ್ದರು, ದುಭಾಷಿಗಳು ಅನುವಾದಿಸುತ್ತಿದ್ದರು. ಹೇಳಿ ಮುಗಿಸುವ ತನಕ ನ್ಯಾಯಮೂರ್ತಿ ಕದಲುತ್ತಿರಲಿಲ್ಲ. ಹೀಗೆ ಸುಮಾರು ಸಾವಿರ ಮಂದಿ ಉತ್ತರದ ನಿವಾಸಿಗಳು ಮಾತನಾಡಿದರು. ತಾವು ಬೋನಿಡುವ ದಾರಿ, ಮೀನು ಸಿಗುವ ಕೆರೆ, ಬೇಟೆಯ ಜಾಡು ಇವನ್ನು ನಕ್ಷೆಯ ಮೇಲೆ ಗುರುತು ಹಾಕಿ ತೋರಿಸಿದವರೂ ಇದ್ದರು.

ಇನ್ನೆರಡು ಸಂಗತಿಗಳನ್ನು ನೀವು ಅರ್ಥಶಾಸ್ತ್ರದ ವಿದ್ಯಾರ್ಥಿಗಳಾಗಿ ಗಮನಿಸಬೇಕು. ಒಂದು, ದುಡ್ಡು. ಕಂಪನಿಗಳ ಬಳಿ ತಜ್ಞರ ಪಡೆಯೇ ಇತ್ತು. ಎದುರು ಪಕ್ಷಕ್ಕೆ ಒಬ್ಬ ವಕೀಲನನ್ನು ಹಿಡಿಯಲೂ ಕಾಸಿರಲಿಲ್ಲ. ಬರ್ಜರ್ ಶಿಫಾರಸಿನಂತೆ ಮೂಲನಿವಾಸಿಗಳ ಸಂಘಟನೆಗಳಿಗೆ, ಪರಿಸರದ ಗುಂಪುಗಳಿಗೆ, ಉತ್ತರದ ಪೌರಸಭೆಗಳಿಗೆ ಮತ್ತು ವ್ಯಾಪಾರಿಗಳಿಗೆ ಸರ್ಕಾರವೇ ಹಣ ಕೊಟ್ಟಿತು. ಒಟ್ಟು 17 ಲಕ್ಷ ಡಾಲರಿಗೂ ಮೇಲೆ. ತನ್ನ ಯೋಜನೆಯನ್ನು ಪ್ರಶ್ನಿಸಲು ತಾನೇ ಹಣ ಕೊಡುವುದೇ ಎಂದು ಹುಬ್ಬೇರಿಸಿದವರುಂಟು. ಕುಸ್ತಿಯ ಅಖಾಡಕ್ಕೆ ಒಬ್ಬನನ್ನು ಉಪವಾಸ ಕೆಡವಿ ಇಳಿಸಿದರೆ ಗೆದ್ದವನ ಬಲವಾದರೂ ಹೇಗೆ ತಿಳಿಯಬೇಕು?

ಎರಡು, ರೇಡಿಯೋ. ಸಿಬಿಸಿ ಆಕಾಶವಾಣಿಯ ಉತ್ತರ ವಿಭಾಗ ವಿಚಾರಣೆಯ ವರದಿಗಳನ್ನು ಇಂಗ್ಲಿಷಿನ ಜೊತೆ ಅಲ್ಲಿನ ಮೂಲನಿವಾಸಿಗಳ ಭಾಷೆಗಳಲ್ಲೂ ಬಿತ್ತರಿಸಿತು. ಒಂದು ಹಳ್ಳಿಯ ಮುದುಕಿ ಹೇಳಿದ್ದು ನೂರಾರು ಮೈಲಿ ಆಚೆಯ ಹಳ್ಳಿಗೆ ತಲುಪುತ್ತಿತ್ತು. ನ್ಯಾಯಾಧೀಶರು ತಮ್ಮೂರಿಗೆ ಬರುವ ಹೊತ್ತಿಗೆ ಜನ ಕಂಪನಿ ಏನೆಂದಿತು, ಪಕ್ಕದ ಊರಿನವರು ಏನೆಂದರು ಎಂಬುದನ್ನೆಲ್ಲ ಕೇಳಿಕೊಂಡು ತಯಾರಾಗಿರುತ್ತಿದ್ದರು. ಪತ್ರಿಕಾವೃತ್ತಿಯವನಾಗಿ ಇದನ್ನು ಓದಿದಾಗ ನನಗೆ ಸ್ವಲ್ಪ ಹೆಮ್ಮೆಯೂ ಹೊಟ್ಟೆಕಿಚ್ಚೂ ಆಯಿತು.

1977ರಲ್ಲಿ ವರದಿ ಬಂತು. ಯೂಕಾನಿನ ಉತ್ತರ ಅಂಚಿನಲ್ಲಿ ಕೊಳವೆ ಎಂದಿಗೂ ಬೇಡ, ಅದು ಕ್ಯಾರಿಬೂ ಜಿಂಕೆಗಳ ದೊಡ್ಡ ಹಿಂಡು ಮರಿ ಹಾಕುವ ತಾಣ. ಮೆಕೆಂಜಿ ಕಣಿವೆಯಲ್ಲಿ ಕೊಳವೆ ಹಾಕಬಹುದು, ಆದರೆ ಹತ್ತು ವರ್ಷ ತಡೆಯಿರಿ, ಮೂಲನಿವಾಸಿಗಳ ಭೂಮಿಯ ಹಕ್ಕಿನ ಪ್ರಶ್ನೆ ಮೊದಲು ಇತ್ಯರ್ಥವಾಗಲಿ ಎಂಬುದು ಅದರ ಮುಖ್ಯ ಶಿಫಾರಸು. ಕಂಪನಿಗಳಿಗೆ ಉತ್ತರ ಭಾಗ ಒಂದು ಗಡಿನಾಡು, ಅಲ್ಲಿನವರಿಗೆ ಅದು ತಾಯ್ನಾಡು ಎಂಬ ಮಾತು ವರದಿಯ ಶೀರ್ಷಿಕೆಯಲ್ಲೇ ಇತ್ತು. ಆ ಯೋಜನೆ ಅಲ್ಲಿಗೇ ನಿಂತಿತು.

ಮುಂದಿನ ಕಥೆಯನ್ನೂ ಹೇಳಿದರೆ ಮಾತ್ರ ನ್ಯಾಯ. 1984, 1992, 1993ರಲ್ಲಿ ಕಣಿವೆಯ ಮತ್ತು ನದೀಮುಖಜ ಭೂಮಿಯ ಹಲವು ಸಮುದಾಯಗಳ ಜೊತೆ ಭೂ ಒಪ್ಪಂದಗಳಾದವು. 2000ದ ಸುಮಾರಿಗೆ ಹೊಸ ಕೊಳವೆ ಯೋಜನೆ ಬಂದಾಗ ಮೂಲನಿವಾಸಿಗಳದೇ ಒಂದು ಸಂಸ್ಥೆ ಅದರಲ್ಲಿ ಮೂರನೇ ಒಂದು ಪಾಲಿಗೆ ಮುಂದೆ ಬಂತು. ಹಿಂದೆ ಬೇಡ ಎಂದವರಲ್ಲಿ ಹಲವರು ಈಗ ಪಾಲುದಾರರಾಗಿ ಬೇಕು ಎಂದರು. ಆದರೆ 2004ರಲ್ಲಿ ಅರ್ಜಿ ಹಾಕಿದ ಈ ಯೋಜನೆಯ ಪರಿಶೀಲನಾ ಮಂಡಳಿ ವರದಿ ಕೊಟ್ಟದ್ದು 2009ರ ಕೊನೆಗೆ. ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. ಅಷ್ಟರಲ್ಲಿ ಅಮೆರಿಕದಲ್ಲಿ ಶೇಲ್ ಅನಿಲ ಧಾರಾಳವಾಗಿ ಸಿಗತೊಡಗಿ ಬೆಲೆ ಕುಸಿದಿತ್ತು. 2017ರಲ್ಲಿ ಕಂಪನಿಗಳು ಯೋಜನೆಯನ್ನು ಕೈಬಿಟ್ಟವು. ಕೇಳುತ್ತಾ ಕೂತದ್ದರಿಂದಲೇ ಅವಕಾಶ ತಪ್ಪಿತು ಎನ್ನುವವರು ಅಲ್ಲಿ ಇದ್ದಾರೆ. ಆ ದೂರನ್ನು ತಳ್ಳಿಹಾಕುವಂತಿಲ್ಲ. ಐದು ವರ್ಷ ಎಂಬುದು ಪಾಲುದಾರರಾಗಲು ಕಾದಿದ್ದ ಹಳ್ಳಿಯವರಿಗೂ ದೀರ್ಘವೇ.

ಬರ್ಜರ್ ಮುಂದಿದ್ದ ಪ್ರಶ್ನೆ ನಿಜವಾಗಿಯೂ ತೆರೆದಿತ್ತು: ಕೊಳವೆ ಬೇಕೇ, ಬೇಡವೇ. ಪ್ರತಿ ಸಲವೂ ಹಾಗಿರುವುದಿಲ್ಲ. ಉದಾಹರಣೆಗೆ ಸರಕು ಮತ್ತು ಸೇವಾ ತೆರಿಗೆ. ನಮ್ಮಲ್ಲಿ 2017ರಲ್ಲಿ ಬಂದ ಜಿಎಸ್‌ಟಿ ಕೆನಡಾದಲ್ಲಿ 1991ರ ಜನವರಿ 1ರಿಂದಲೇ ಇದೆ. 1989ರಲ್ಲಿ ಬ್ರಯನ್ ಮುಲ್‌ರೋನಿ ಸರ್ಕಾರ ಶೇ. 9ರ ದರದ ಪ್ರಸ್ತಾವ ಮುಂದಿಟ್ಟಿತು. ಹಣಕಾಸು ಸಮಿತಿ ಅಹವಾಲು ಕೇಳಿತು, ಕೊನೆಗೆ ದರ ಶೇ. 7ಕ್ಕೆ ಇಳಿಯಿತು. ಆದರೆ ಜನ ಹೇಳುತ್ತಿದ್ದುದು ದರದ ಬಗ್ಗೆ ಅಲ್ಲ, ತೆರಿಗೆಯೇ ಬೇಡ ಎಂದು. ಮೇಲ್ಮನೆ ಮಸೂದೆಗೆ ಅಡ್ಡ ನಿಂತಾಗ ಪ್ರಧಾನಿ ಸಂವಿಧಾನದಲ್ಲಿ ಮೂಲೆಗೆ ಬಿದ್ದಿದ್ದ 26ನೇ ವಿಧಿಯನ್ನು ಹುಡುಕಿ ತೆಗೆದು, ರಾಣಿಯ ಅನುಮತಿ ಪಡೆದು, ಹೆಚ್ಚುವರಿಯಾಗಿ ಎಂಟು ಮಂದಿ ಸೆನೆಟರುಗಳನ್ನು ನೇಮಿಸಿ ಮಸೂದೆ ಪಾಸು ಮಾಡಿಸಿದರು. 1993ರ ಚುನಾವಣೆಯಲ್ಲಿ ಅವರ ಪಕ್ಷಕ್ಕೆ ಉಳಿದದ್ದು ಎರಡೇ ಸ್ಥಾನ. ಅದಕ್ಕೆ ಬೇರೆ ಕಾರಣಗಳೂ ಇದ್ದವು. ತೆರಿಗೆಯನ್ನೇ ತೆಗೆಯುತ್ತೇವೆಂದು ಹೇಳಿ ಗೆದ್ದು ಬಂದವರೂ ಅದನ್ನು ತೆಗೆಯಲಿಲ್ಲ, ಅದು ಇನ್ನೊಂದು ಪುರಾಣ.

ಕೇಳುವುದು ಸರ್ಕಾರದ ಮರ್ಜಿಯೇ ಅಥವಾ ಕರ್ತವ್ಯವೇ? ಮೂಲನಿವಾಸಿಗಳ ಮಟ್ಟಿಗೆ ಇದಕ್ಕೆ ನ್ಯಾಯಾಲಯಗಳು ಉತ್ತರ ಕೊಟ್ಟಿವೆ. 1982ರ ಸಂವಿಧಾನ ಅವರ ಹಕ್ಕುಗಳನ್ನು ಮಾನ್ಯ ಮಾಡಿತು. 2004ರಲ್ಲಿ ಹೈಡಾ ಜನರು ತಮ್ಮ ದ್ವೀಪಗಳ ಕಾಡು ಕಡಿಯುವ ಪರವಾನಗಿಯ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಹಕ್ಕು ಇನ್ನೂ ಸಾಬೀತಾಗಿಲ್ಲದಿದ್ದರೂ ಅದಕ್ಕೆ ಧಕ್ಕೆ ತರಬಹುದಾದ ನಿರ್ಧಾರ ಕೈಗೊಳ್ಳುವ ಮುನ್ನ ಸರ್ಕಾರ ಸಮಾಲೋಚನೆ ನಡೆಸಲೇಬೇಕು ಎಂದಿತು. ಆದರೆ ಅದು ತಡೆಯಾಜ್ಞೆಯ ಅಧಿಕಾರವಲ್ಲ ಎಂದೂ ಹೇಳಿತು.

ಇದರ ನಿಜವಾದ ಪರೀಕ್ಷೆ ನಡೆದದ್ದು 2018ರಲ್ಲಿ. ಆಲ್ಬರ್ಟಾದ ತೈಲವನ್ನು ಪಶ್ಚಿಮ ಕರಾವಳಿಗೆ ಒಯ್ಯುವ ಟ್ರಾನ್ಸ್ ಮೌಂಟನ್ ಕೊಳವೆಯ ವಿಸ್ತರಣೆಯನ್ನು ಸರ್ಕಾರ ಒಪ್ಪಿತ್ತು. ಕೊಳವೆಯನ್ನೇ 450 ಕೋಟಿ ಡಾಲರಿಗೆ ಕೊಳ್ಳಲು ನಿರ್ಧರಿಸಿಯೂ ಇತ್ತು. ಆಗಸ್ಟ್ 30ರಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ ಆ ಒಪ್ಪಿಗೆಯನ್ನು ರದ್ದು ಮಾಡಿತು. ಕಾರಣಗಳಲ್ಲಿ ಒಂದು ಗಮನಾರ್ಹ: ಸರ್ಕಾರದ ಪ್ರತಿನಿಧಿಗಳು ಮೂಲನಿವಾಸಿಗಳ ಬಳಿಗೆ ಹೋದದ್ದು ನಿಜ, ಕುಳಿತದ್ದು ನಿಜ, ಹೇಳಿದ್ದನ್ನೆಲ್ಲ ಬರೆದುಕೊಂಡು ಮೇಲಿನವರಿಗೆ ಮುಟ್ಟಿಸಿದ್ದೂ ನಿಜ, ಆದರೆ ಆ ಮಾತಿಗೆ ಉತ್ತರ ಕೊಡುವ, ಏನನ್ನಾದರೂ ಬದಲಿಸುವ ಅಧಿಕಾರ ಅವರಿಗೆ ಇದ್ದಂತಿರಲಿಲ್ಲ. ಬರೀ ಟಿಪ್ಪಣಿ ಮಾಡಿಕೊಳ್ಳುವುದು ಸಮಾಲೋಚನೆಯಲ್ಲ ಎಂದಿತು ನ್ಯಾಯಾಲಯ. ಸಭೆಗಳ ಹಿಂದಿನ ಸಾಲಿನಲ್ಲಿ ಕುಳಿತು ಟಿಪ್ಪಣಿ ಮಾಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಸರ್ಕಾರವೂ ಅಷ್ಟನ್ನೇ ಮಾಡುವುದಾದರೆ ವರದಿಗಾರನನ್ನೇ ಕಳಿಸಬಹುದಲ್ಲ! ಸರ್ಕಾರ ಮತ್ತೆ ಮಾತುಕತೆ ನಡೆಸಿ 2019ರ ಜೂನ್‌ನಲ್ಲಿ ಮರು ಒಪ್ಪಿಗೆ ಕೊಟ್ಟಿತು. 2020ರಲ್ಲಿ ಅದೇ ನ್ಯಾಯಾಲಯ ಈ ಬಾರಿ ಸಮಾಲೋಚನೆ ಸಮರ್ಪಕವಾಗಿದೆ ಎಂದಿತು. ಆಗಲೂ ಒಪ್ಪದ ಸಮುದಾಯಗಳಿದ್ದವು. 2024ರ ಮೇ ತಿಂಗಳಲ್ಲಿ ವಿಸ್ತರಿಸಿದ ಕೊಳವೆಯಲ್ಲಿ ತೈಲ ಹರಿಯಿತು.

ಇಷ್ಟೆಲ್ಲ ಆದ ಮೇಲೆ ವಿಷಯ ಇತ್ಯರ್ಥವಾಯಿತೇ ಎಂದು ನೀವು ಕೇಳಬಹುದು. 2025ರ ಜೂನ್ 6ರಂದು ಪ್ರಧಾನಿ ಮಾರ್ಕ್ ಕಾರ್ನಿ ಸರ್ಕಾರ, ದೇಶಹಿತದ್ದೆಂದು ಗುರುತಿಸಿದ ದೊಡ್ಡ ಯೋಜನೆಗಳಿಗೆ ಬೇಗನೆ ಒಪ್ಪಿಗೆ ಕೊಡುವ ಮಸೂದೆಯನ್ನು ಮಂಡಿಸಿತು. ಅಮೆರಿಕದ ಸುಂಕದ ಬಿಸಿ ತಟ್ಟಿದ್ದ ಕಾಲವದು, ಅವಸರಕ್ಕೆ ಕಾರಣವಿತ್ತು. ಯಾವುದೇ ಯೋಜನೆಯನ್ನು ಪಟ್ಟಿಗೆ ಸೇರಿಸುವ ಮುನ್ನ ಮೂಲನಿವಾಸಿಗಳೊಂದಿಗೆ ಸಮಾಲೋಚಿಸಬೇಕು ಎಂಬ ಮಾತು ಮಸೂದೆಯಲ್ಲೇ ಇದೆ. ಆದರೆ ಆ ಮಸೂದೆಯ ಬಗ್ಗೆಯೇ ನಮ್ಮನ್ನು ಸರಿಯಾಗಿ ಕೇಳಲಿಲ್ಲ ಎಂದು ಹಲವು ಮುಖಂಡರು ದೂರಿದರು. ಜೂನ್ 26ಕ್ಕೆ ಅದು ಕಾನೂನಾಯಿತು. ಅವರೊಡನೆ ಚರ್ಚಿಸಲು ಪ್ರಧಾನಿ ದೊಡ್ಡ ಸಭೆ ಕರೆದದ್ದು ಮೂರು ವಾರಗಳ ನಂತರ, ಜುಲೈ 17ರಂದು.