ಗೊಂಬೆ ಕೊಳದ ದೋಣಿಯಿಂದ ಕೌಂಡಿನ್ಯದವರೆಗೆ

(ಬಸವನಗುಡಿಯಲ್ಲಿ ಮರಗೆಲಸದ ಆಸಕ್ತರ ಎದುರು ಮಾಡಿದ ಭಾಷಣದ ಸಾರ)



ಬಸವನಗುಡಿಯಿಂದ ಮಂಗಳೂರಿನ ಕಡಲಿಗೆ ಸುಮಾರು 350 ಕಿಲೋಮೀಟರು. ಇಲ್ಲಿ ಕುಳಿತು ದೋಣಿಯ ಮಾತೇಕೆ ಎಂದು ನೀವು ಕೇಳಬಹುದು. ಆದರೆ ನವರಾತ್ರಿಯಲ್ಲಿ ಗೊಂಬೆ ಕೂರಿಸುವ ನಮ್ಮ ಮನೆಗಳನ್ನು ನೆನೆದುಕೊಳ್ಳಿ. ಪಟ್ಟದ ಗೊಂಬೆಗಳ ಕೆಳಗೆ ರಾಗಿ ಪೈರಿನ ಪಾರ್ಕು, ಪಕ್ಕದಲ್ಲಿ ತಟ್ಟೆಯ ಕೊಳ. ಹುಡುಗನಾಗಿದ್ದಾಗ ಆ ಕೊಳಕ್ಕೆಂದು ನಾನೊಂದು ಮರದ ದೋಣಿ ಕೆತ್ತಿದೆ. ನೀರಿಗೆ ಬಿಟ್ಟೊಡನೆ ಅದು ಬಲಕ್ಕೆ ವಾಲಿ ಮಲಗಿತು. ಮನೆಯವರೆಲ್ಲ ನಕ್ಕರು.

ತಪ್ಪು ಸರಳವಾದದ್ದು. ಒಳಗೆ ತೋಡುವಾಗ ಬಲಗೋಡೆ ದಪ್ಪವಾಗಿ ಉಳಿದಿತ್ತು. ಕಣ್ಣು ಕ್ಷಮಿಸಿದ್ದನ್ನು ನೀರು ಕ್ಷಮಿಸುವುದಿಲ್ಲ.

ಮಾದರಿ ಮಾಡುವವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ತೆಳು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ದಿಮ್ಮಿ ಮಾಡಿಕೊಳ್ಳುವುದು. ಅದರ ಉದ್ದಕ್ಕೂ ನಡುಗೆರೆ ಎಳೆಯುವುದು. ದೋಣಿಯ ಅಡ್ಡಕೊಯ್ತದ ಅರ್ಧ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿಕೊಳ್ಳುವುದು. ಮೂತಿ, ನಡು, ಹಿಂಬದಿ ಹೀಗೆ ಒಂದೊಂದು ಜಾಗಕ್ಕೆ ಒಂದೊಂದು ರಟ್ಟು. ಎಡಕ್ಕೆ ಹಿಡಿದ ರಟ್ಟನ್ನೇ ತಿರುವಿ ಬಲಕ್ಕೂ ಹಿಡಿಯಬೇಕು. ರಟ್ಟು ಮರಕ್ಕೆ ಒಂದೇ ಸಮ ಒರಗುವವರೆಗೂ ಉಬ್ಬಿದ ಕಡೆ ಸವರಬೇಕು. ಒಳಗೆ ತೋಡುವಾಗಲೂ ಇದೇ ಲೆಕ್ಕ.

ದೊಡ್ಡ ಹಡಗನ್ನು ಹೀಗೆ ಕೆತ್ತಲಾಗದು. ಹಲಗೆ ಜೋಡಿಸಿಯೇ ಕಟ್ಟಬೇಕು. ಯುರೋಪಿನವರು ಮೊದಲು ಪಕ್ಕೆಲುಬು ನಿಲ್ಲಿಸಿ ಆಮೇಲೆ ಹಲಗೆ ಹೊದಿಸುವ ಕ್ರಮವನ್ನು ಬೆಳೆಸಿದರು. ನಮ್ಮ ಪಶ್ಚಿಮ ಕರಾವಳಿಯ ಹಳೆಯ ಕ್ರಮ ಇದಕ್ಕೆ ತಿರುವುಮುರುವು. ಮೊದಲು ಚರ್ಮ, ಆಮೇಲೆ ಎಲುಬು. ಹಲಗೆಯ ಅಂಚಿಗೆ ಅಂಚು ಕೂಡಿಸಿ, ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಮೊಳೆಯ ಹಂಗಿಲ್ಲದ ಇಂಥ ಒಡಲು ಅಲೆಯ ಹೊಡೆತಕ್ಕೆ ತುಸು ಬಾಗಿಕೊಡುತ್ತದೆ.

ಇದು ಬರೀ ಹಳೆಯ ಕಥೆಯಲ್ಲ. 2025ರ ಮೇ 21ರಂದು ನಮ್ಮ ಕಾರವಾರದಲ್ಲಿ ನೌಕಾಪಡೆ ಸೇರಿದ 'ಕೌಂಡಿನ್ಯ' ಇಂಥ ಹೊಲಿದ ಹಡಗೇ. ಅದರ ನಕ್ಷೆ ಯಾರ ಬಳಿಯೂ ಇರಲಿಲ್ಲ; ಆಧಾರವಾಗಿದ್ದದ್ದು 5ನೇ ಶತಮಾನದ ಒಂದು ಅಜಂತಾ ಚಿತ್ರ. ಗೋಡೆಯ ಚಿತ್ರಕ್ಕೆ ಉದ್ದ ಅಗಲ ಉಂಟು, ಒಡಲಿನ ಆಳ ತಿಳಿಯುವುದು ಹೇಗೆ? ಆಕಾರವನ್ನು ಊಹಿಸಿ, ಅದರ ಮಾದರಿಯನ್ನು ಮದರಾಸಿನ ಐಐಟಿಯ ಸಾಗರ ಎಂಜಿನಿಯರಿಂಗ್ ವಿಭಾಗದ ನೆರವಿನಿಂದ ಪರೀಕ್ಷಿಸಿದರು. ನನ್ನ ತಟ್ಟೆಯ ಕೊಳ ಮಾಡಿದ ಕೆಲಸವೇ ಅದು, ದೊಡ್ಡ ಪ್ರಮಾಣದಲ್ಲಿ! ಹಾಯಿಯ ಮೇಲೆ ಗಂಡಭೇರುಂಡ ಹೊತ್ತ ಆ ಹಡಗು 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು, ಎಂಜಿನ್ ಇಲ್ಲದೆ, ಮುಂದಿನ ಜನವರಿಯಲ್ಲಿ ಮಸ್ಕತ್ ಮುಟ್ಟಿತು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಚಿತ್ರ ಹೊರಗೆರೆಯನ್ನು ಕೊಟ್ಟಿತು, ಮಾದರಿ ಧೈರ್ಯವನ್ನು ಕೊಟ್ಟಿತು. ಹೊಲಿಗೆಯನ್ನು ಕೊಟ್ಟದ್ದು ಮಾತ್ರ ಕೇರಳದ ಬಾಬು ಶಂಕರನ್ ಮತ್ತು ಅವರ ಸಂಗಡಿಗರ ಕೈಗಳು. ಆ ಕೈಗಳು ಉಳಿದಿರದಿದ್ದರೆ ಅಜಂತಾದ ಹಡಗು ಗೋಡೆಯಿಂದ ಇಳಿಯುತ್ತಲೇ ಇರಲಿಲ್ಲ. ಇಂದು ಕರಾವಳಿಯಲ್ಲಿ ಮರದ ದೋಣಿಯ ಜಾಗಕ್ಕೆ ಫೈಬರ್ ಬಂದಿದೆ, ಉಕ್ಕು ಬಂದಿದೆ. ಮೀನುಗಾರರನ್ನು ಅದಕ್ಕಾಗಿ ದೂರುವಂತಿಲ್ಲ. ಆದರೆ ಒಡಲನ್ನು ರೂಪಿಸುವ ವಿದ್ಯೆ ಪುಸ್ತಕದಲ್ಲಿ ಉಳಿಯುವಂಥದಲ್ಲ, ಕೈಯಿಂದ ಕೈಗೆ ದಾಟುವಂಥದು.

ಬರುವ ನವರಾತ್ರಿಗೆ ಮಕ್ಕಳ ಕೈಗೆ ಒಂದು ತುಂಡು ಮರ, ಒಂದು ಅರ್ಧ ರಟ್ಟು ಕೊಡಿ. ದೋಣಿ ವಾಲಿದರೆ ನಗಬೇಡಿ. ಎಲ್ಲಿ ದಪ್ಪವಾಯಿತೆಂದು ಅವರ ಜೊತೆ ಕುಳಿತು ಹುಡುಕಿ.